ಹಳದಿ ಇಂಟು ಗುರುತು

"ಯಾರಪ್ಪ ಅದು ಕೆಮ್ಮಿದ್ದು?"

ಮಾವಿಸ್ ಟಟ್ಟನ್ ಗಟ್ಟಿಯಾಗಿಯೇ ಕೇಳಿದಳು. ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ. ಕಾರ್ಖಾನೆಯ ಕೇಳುವ ಕೋಣೆ ಬಟ್ಟೆಬೀರುವಿಗಿಂತ ತುಸು ದೊಡ್ಡದು, ಅಷ್ಟೇ. ಒಂದು ಕುರ್ಚಿ, ಒಂದು ರೆಕಾರ್ಡ್ ಪ್ಲೇಯರ್, ಗೋಡೆಗೆಲ್ಲ ದಪ್ಪ ಉಣ್ಣೆಯ ಹೊದಿಕೆ. ಕಾಲುವೆಯ ದಡದ ಆ ಕಾರ್ಖಾನೆಯಲ್ಲಿ ಅಚ್ಚೊತ್ತಿ ತಯಾರಿಸಿದ ಪ್ರತಿ ಐವತ್ತು ರೆಕಾರ್ಡಿಗೆ ಒಂದು ಅವಳ ಕೈಗೆ ಬರುತ್ತಿತ್ತು. ಅದನ್ನು ಮೊದಲಿಂದ ಕಡೆಯವರೆಗೆ ಕೇಳಿ ಸರಿಯಿದೆಯೋ ಇಲ್ಲವೋ ಹೇಳುವುದು ಅವಳ ಕೆಲಸ. ಹದಿನಾಲ್ಕು ವರ್ಷದಿಂದ ಅದೇ ಕುರ್ಚಿ.

ಆ ವಾರ ಎಲ್ಲ ಮೆಷೀನೂ ಒಂದೇ ರೆಕಾರ್ಡನ್ನು ಒತ್ತುತ್ತಿದ್ದವು. ಹಾಡುಗಾರ ರಾನಿ ಫೇಬರನ ಹೊಸ ಸಿನಿಮಾದ ಹಾಡುಗಳು. ಶುಕ್ರವಾರ ಲಂಡನ್ನಿನಲ್ಲಿ ಸಿನಿಮಾ ತೆರೆ ಕಾಣುವುದಿತ್ತು. ಗುರುವಾರ ಸಂಜೆಯೊಳಗೆ ಅಂಗಡಿಗಳಿಗೆ ಮಾಲು ತಲುಪಬೇಕಿತ್ತು. ಎರಡನೇ ಮಗ್ಗುಲಿನ ಮೂರನೇ ಹಾಡಿನಲ್ಲಿ ಸಿನಿಮಾದ ಹುಡುಗ ಹಡಗಿನ ಡೆಕ್ಕಿನ ಮೇಲೆ ಒಬ್ಬನೇ ನಿಂತು, ಒಂದು ಗಿಟಾರಿನ ಜೊತೆ, ಬಿಟ್ಟುಬಂದ ಊರನ್ನು ನೆನೆದು ಮೆಲ್ಲಗೆ ಹಾಡುತ್ತಾನೆ. ಆ ಮೆಲುದನಿಯ ನಡುವೆ ಯಾರೋ ಕೆಮ್ಮಿದ್ದರು.

ಮಾವಿಸ್ ಮುಳ್ಳನ್ನು ಹಿಂದಕ್ಕಿಟ್ಟಳು. ಮತ್ತೆ ಕೆಮ್ಮು. ಅದರ ಹಿಂದೆಯೇ ಇನ್ನೊಂದು. ಗೋಡೆಯ ಗಡಿಯಾರ ನೋಡುತ್ತ ಎಣಿಸಿದಳು. ರೆಕಾರ್ಡು ಒಂದು ಸುತ್ತು ತಿರುಗಿದಾಗೊಮ್ಮೆ ಒಂದು ಕೆಮ್ಮು. ಹೀಗೆ ಹದಿನೈದು ಸುತ್ತು. ಎಂಥ ನೆಗಡಿಯಾದರೂ ಮನುಷ್ಯ ತಾಳ ತಪ್ಪದೆ ಕೆಮ್ಮುವುದಿಲ್ಲ. ಇದು ಗಂಟಲಿನದಲ್ಲ, ರೆಕಾರ್ಡು ಒತ್ತುವ ಲೋಹದ ಅಚ್ಚಿನಲ್ಲಿ ಬಿದ್ದ ಗೀರು.

ಅವಳ ಕಿವಿ ಅಂಥದು. ಕಣ್ಣು ಹೋದ ಮೇಲೆ ಅಪ್ಪ ರಾತ್ರಿಯೂಟವಾದದ್ದೇ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಬೈಬಲ್ಲಿನ ಕೀರ್ತನೆಗಳನ್ನು ಬಾಯಿಪಾಠ ಹೇಳಿಸುತ್ತಿದ್ದ. ಪದ ತಪ್ಪಿದರೆ ಬೈಯುತ್ತಿರಲಿಲ್ಲ. ಮೇಜಿನ ಮೇಲೆ ಉಗುರಿನಿಂದ ಒಮ್ಮೆ ಟಕ್ಕೆನ್ನಿಸುತ್ತಿದ್ದ, ಅಷ್ಟೇ. ಹೊಡೆತವನ್ನಾದರೂ ಮರೆಯಬಹುದು, ಆ ಟಕ್ಕನ್ನು ಮರೆಯಲಾಗದು.

ಹಳದಿ ಮೇಣದ ಪೆನ್ಸಿಲಿನಿಂದ ರೆಕಾರ್ಡಿನ ನಡುವಿನ ಲೇಬಲ್ಲಿನ ಮೇಲೆ ದೊಡ್ಡದೊಂದು ಇಂಟು ಗುರುತು ಎಳೆದಳು. ಕೆಂಪು ಚೀಟಿಯಲ್ಲಿ "ಒಂಬತ್ತನೇ ಮೆಷೀನು, ಅಚ್ಚು ಬದಲಿಸಿ" ಎಂದು ಬರೆದಳು. ಎರಡನ್ನೂ ಹಿಡಿದು ಮೇಸ್ತ್ರಿ ಸಿರಿಲ್ ಬೆಡ್ಡೋ ಬಳಿ ಹೋದಳು.

ಬೆಡ್ಡೋ ರೆಕಾರ್ಡು ಹಾಕಿ ಅರ್ಧ ಕಿವಿಯಲ್ಲಿ ಕೇಳಿದ. "ಇದನ್ನ ಕೊಂಡ್ಕೊಳೋರು ಹದಿನಾಲ್ಕು ವರ್ಷದ ಹುಡುಗೀರು ಮಾವಿಸ್. ರಾನಿ ಬಾಯಿ ತೆರೆದ್ರೆ ಸಾಕು, ಕಿರುಚೋಕೆ ಶುರು ಮಾಡ್ತಾರೆ. ಆ ಗದ್ದಲದಲ್ಲಿ ನಿನ್ನ ಕೆಮ್ಮು ಯಾರಿಗೆ ಕೇಳುತ್ತೆ?"

"ನನ್ನ ಕೆಮ್ಮಲ್ಲ ಮಿಸ್ಟರ್ ಬೆಡ್ಡೋ. ನಿಮ್ಮ ಒಂಬತ್ತನೇ ಮೆಷೀನಿಂದು."

"ಆಯ್ತಮ್ಮ, ಬದಲಾಯಿಸ್ತೀನಿ. ಹೋಗು, ಟೀ ಆರಿಹೋಗುತ್ತೆ." ಚೀಟಿಯನ್ನು ಮಡಿಚಿ ಕೋಟಿನ ಜೇಬಿಗಿಟ್ಟುಕೊಂಡ. ರೆಕಾರ್ಡು ಅವನ ಮೇಜಿನ ಮೇಲೇ ಉಳಿಯಿತು.

ಅವಳು ನಂಬಿದಳು. ಬೆಡ್ಡೋ ಅವಳ ಪ್ರಾರ್ಥನಾ ಮಂದಿರದವನು. ಭಾನುವಾರ ಬೋಧಕರು ಬರದಿದ್ದರೆ ತಾನೇ ಪೀಠ ಹತ್ತಿ, ಸುಳ್ಳುಸಾಕ್ಷಿಯ ಪಾಪದ ಬಗ್ಗೆ ಮುಕ್ಕಾಲು ಗಂಟೆ ಬೋಧಿಸುವವನು. ಅಂಥವನನ್ನು ನಂಬದೆ ಇನ್ನಾರನ್ನು ನಂಬುವುದು?

ಮೂರು ವಾರ ಕಳೆಯಿತು. ಪಕ್ಕದ ಕೋಣೆಯ ಮೊರೀನ್ ಊಟದ ಹೊತ್ತಿಗೆ ಓಡಿಬಂದು ಅವಳೆದುರು ಕುಕ್ಕರಿಸಿದಳು.

"ಕೇಳಿದ್ಯಾ ಮಾವಿಸ್? ರಾನಿ ರೆಕಾರ್ಡು ಸಾವಿರಗಟ್ಟಲೆ ವಾಪಸ್ ಬಂದಿದೆ! ಪಾಪ, ಅವನಿಗೆ ಕ್ಷಯ ಅಂತ ತಿಳ್ಕೊಂಡು ಹುಡುಗೀರು ಅತ್ತೂ ಕರೆದೂ ಕಾಗದ ಬರ್ದಿದಾರಂತೆ. ಕೆಮ್ಮಿನ ಮಿಠಾಯಿ ಮೂಟೆಗಟ್ಟಲೆ ಬಂದು ಬಿದ್ದಿದೆಯಂತೆ ಅವನ ಮನೆಗೆ. ಪೇಪರಿನೋರು 'ಕೆಮ್ಮುವ ಕೋಗಿಲೆ' ಅಂತ ಹಾಕಿದಾರೆ."

ಮಾವಿಸಳ ಕೈಯಲ್ಲಿದ್ದ ಬ್ರೆಡ್ಡು ಹಾಗೇ ನಿಂತಿತು. "ಬದಲಾಯಿಸ್ತೀನಿ ಅಂದಿದ್ರಲ್ಲ ಅವರು!"

"ಯಾರು, ಬೆಡ್ಡೋನಾ? ಆ ಗುರುವಾರದವರೆಗೂ ಒಂಬತ್ತನೇ ಮೆಷೀನು ಒಂದ್ನಿಮಿಷ ನಿಂತಿಲ್ಲ ಕಣೇ. ನೀನೊಬ್ಬಳು, ಪೀಠ ಹತ್ತಿದೋರೆಲ್ಲ ದೇವದೂತರು ಅಂದ್ಕೊಂಡಿದೀಯ!"

ಮೂರು ಗಂಟೆಗೆ ಮ್ಯಾನೇಜರ್ ಲಾಕ್ಲಿಯ ಕೋಣೆಯಿಂದ ಕರೆ ಬಂತು. ಮೂಲೆಯಲ್ಲಿ ವಾಪಸಾದ ರೆಕಾರ್ಡುಗಳ ಎರಡು ಪೆಟ್ಟಿಗೆ. ಬೆಡ್ಡೋ ಕಿಟಕಿಯ ಬಳಿ ನಿಂತು ಕಾಲುವೆ ನೋಡುತ್ತಿದ್ದ. ಲಾಕ್ಲಿ ಟೈಪು ಮಾಡಿದ ಹಾಳೆಯೊಂದನ್ನು ಅವಳ ಮುಂದೆ ತಳ್ಳಿದ.

"ಪೆಟ್ಟಿಗೆಗಳ ಮೇಲೆಲ್ಲ ಕೇಳಿದವರ ನಂಬರು ಏಳು ಅಂತಿದೆ. ಏಳು ಅಂದ್ರೆ ನೀವೇ ಅಲ್ವೇ ಮಿಸ್ ಟಟ್ಟನ್? ಕೆಮ್ಮು ನಿಮ್ಮ ಗಮನಕ್ಕೆ ಬರಲಿಲ್ಲ ಅಂತ ಇದರಲ್ಲಿದೆ. ಸಹಿ ಹಾಕಿ. ಹಾಡಿನ ಕಂಪನಿಯೋರಿಗೆ ಒಂದು ಹೆಸರು ಬೇಕಂತೆ. ಸೋಮವಾರದಿಂದ ನೀವು ಪ್ಯಾಕಿಂಗಿಗೆ ಹೋಗಿ."

"ನಾನು ಕೆಂಪು ಚೀಟಿ ಕೊಟ್ಟಿದ್ದೆ. ಮಂಗಳವಾರವೇ ಮಿಸ್ಟರ್ ಬೆಡ್ಡೋ ಕೈಗೆ ಕೊಟ್ಟೆ."

"ಯಾವ ಚೀಟಿ?" ಎಂದ ಬೆಡ್ಡೋ, ಕಾಲುವೆಯಿಂದ ಕಣ್ಣು ತೆಗೆಯದೆ.

ಎರಡೇ ಮಾತು. ಭಾನುವಾರ ಪೀಠದ ಮೇಲಿಂದ ಕೇಳುವ ದನಿಯೇ, ಅದೇ ಏರಿಳಿತ. ಮಾವಿಸಳಿಗೆ ಮೈಯೆಲ್ಲ ಉರಿದುಹೋಯಿತು. ಕೂಗಬೇಕೆಂದು ಬಾಯಿ ತೆರೆದಳು. ಕೂಗಿ ಅಭ್ಯಾಸವೇ ಇಲ್ಲದವಳಿಗೆ ದನಿ ಬರಲಿಲ್ಲ.

ಲಾಕ್ಲಿ ದೂರಿನ ಕಾಗದಗಳನ್ನು ಬೇಸರದಿಂದ ತಿರುವಿದ. "ಕೆಮ್ಮೊಂದೇ ಅಲ್ಲ. ಲೂಟನ್ ಊರಿನ ಅಂಗಡಿಯವನೊಬ್ಬ ಲೇಬಲ್ಲಿಗೆ ಹಳದಿ ಬಣ್ಣ ಮೆತ್ತಿದೆ, ಹಳೇ ಮಾಲು ಕಳಿಸಿದೀರ ಅಂತ ಬರ್ದಿದಾನೆ. ಅದೆಂಥ ಹಳದಿನೋ ನನಗಂತೂ ತಿಳೀದು."

ಪಕ್ಕದ ಕೋಣೆಯಲ್ಲಿ ಫೋನು ಬಡಿದುಕೊಂಡಿತು. "ಅವರೇ ಇರಬೇಕು. ನಾನು ಬರೋಷ್ಟರಲ್ಲಿ ಸಹಿ ಮುಗಿಸಿರಿ," ಎಂದು ಲಾಕ್ಲಿ ಎದ್ದುಹೋದ.

ಬಾಗಿಲು ಮುಚ್ಚಿತೋ ಇಲ್ಲವೋ, ಮಾವಿಸ್ ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದಳು. ಒಂದೊಂದೇ ರೆಕಾರ್ಡನ್ನು ಹೊದಿಕೆಯಿಂದ ಎಳೆದು, ಲೇಬಲ್ಲಿನ ಮೇಲೆ ಹೆಬ್ಬೆರಳು ಆಡಿಸಿ ಪಕ್ಕಕ್ಕೆ ಇಡತೊಡಗಿದಳು. ನಯ, ನಯ, ನಯ. ಎಲ್ಲ ಹೊದಿಕೆಗಳ ಮೇಲೂ ಹಡಗಿನ ಕಟಕಟೆಗೆ ಒರಗಿದ ರಾನಿ ಹಲ್ಲು ಕಿರಿಯುತ್ತಿದ್ದ.

"ಏನ್ ಮಾಡ್ತಿದೀಯ?" ಬೆಡ್ಡೋ ಈಗ ತಿರುಗಿದ.

ಅವಳು ತಲೆಯೆತ್ತಲಿಲ್ಲ. ಎರಡನೇ ಪೆಟ್ಟಿಗೆಯ ನಡುವೆಲ್ಲೋ ಹೆಬ್ಬೆರಳು ಜಿಗುಟಿಗೆ ತಡೆಯಿತು. ಬೆಳಕಿಗೆ ಹಿಡಿದಳು. ಯಾರೋ ಬಟ್ಟೆಯಿಂದ ಉಜ್ಜಿದ್ದರು. ಮೇಣ ಉಜ್ಜಿದರೆ ಹೋಗುವುದಿಲ್ಲ, ಕಾಗದದ ಎಳೆಗೆ ಇಳಿದುಬಿಡುತ್ತದೆ. ಮಸುಕಾಗಿ, ಓರೆಯಾಗಿ, ಅವಳದೇ ಇಂಟು ಗುರುತು. ಲೆಕ್ಕ ತುಂಬಿಸುವ ಅವಸರದಲ್ಲಿ ಬೆಡ್ಡೋ ಅವಳು ಬೇಡವೆಂದ ರೆಕಾರ್ಡನ್ನೇ ಹೊದಿಕೆಗೆ ತುರುಕಿ ಮಾರಾಟಕ್ಕೆ ಕಳಿಸಿದ್ದ.

"ಇದೇನು ಮಿಸ್ಟರ್ ಬೆಡ್ಡೋ? ಇದೂ ಗೊತ್ತಿಲ್ವಾ?"

ಬೆಡ್ಡೋನ ಮುಖದ ಬಣ್ಣ ಇಳಿಯಿತು. ದನಿಯೂ ಇಳಿಯಿತು. "ಮಾವಿಸ್, ನೋಡು, ಎರಡು ವರ್ಷ. ಇನ್ನೆರಡೇ ವರ್ಷಕ್ಕೆ ನನಗೆ ಪಿಂಚಣಿ. ಇವತ್ತು ಹೊರಗೆ ಹಾಕಿದ್ರೆ ಏನೂ ಸಿಗಲ್ಲ. ನಿನಗಾದ್ರೆ ಪ್ಯಾಕಿಂಗಿಗೆ ಹಾಕ್ತಾರೆ, ಅಷ್ಟೇ ತಾನೇ? ಐವತ್ತು ದಾಟಿದ ಹೆಂಗಸು, ಕಿವಿ ಮಂದ ಆಯ್ತು ಅಂದ್ರೆ ಯಾರೂ ಏನೂ ಅನ್ನಲ್ಲ."

"ನನ್ನ ಕಿವಿ ಮಂದ ಆಯ್ತು."

"ಅಲ್ಲ, ಮಾತಿಗೆ ಹೇಳಿದೆ..."

"ಹೊಲಿಗೆ ಬರಲ್ಲ ನನಗೆ. ಟೈಪು ಬರಲ್ಲ. ಗಂಡನಿಲ್ಲ, ಮಕ್ಕಳಿಲ್ಲ. ನನ್ನ ಹತ್ರ ಇರೋದು ಈ ಕಿವಿ ಒಂದೇ. ಅದನ್ನೂ ಕಿತ್ಕೊಂಡು ನಿಮ್ಮ ಜೇಬಿಗೆ ಹಾಕ್ಕೊಳ್ತೀರಾ, ಆ ಚೀಟಿ ಹಾಕ್ಕೊಂಡ ಹಾಗೆ?"

"ಮೆಲ್ಲಗೆ, ಮಾರಾಯ್ತಿ! ಒಂದೇ ಬೆಂಚಿನಲ್ಲಿ ಕೂತು ಪ್ರಾರ್ಥನೆ ಮಾಡಿದೋರು ನಾವು. ನಿನ್ನ ಅಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟೋನು ನಾನು. ಅದನ್ನಾದ್ರೂ ನೆನೆಸ್ಕೋ."

ಅಪ್ಪನ ಹೆಸರು ಆ ಬಾಯಲ್ಲಿ ಬಂದದ್ದೇ ಅವಳ ಸಿಟ್ಟಿಗೆ ದನಿ ಬಂತು. "ನೆನಪಿದೆ. ಅವತ್ತು ಗುಂಡಿಯ ಹತ್ರ ಕೀರ್ತನೆ ಹೇಳಿದ್ದೂ ನೀವೇ. ನಾಲ್ಕನೇ ಸಾಲು ನುಂಗಿಬಿಟ್ರಿ. ಅಪ್ಪ ಬದುಕಿದ್ರೆ ಟಕ್ ಅನ್ನಿಸ್ತಿದ್ರು. ನಾನು ಸುಮ್ನಿದ್ದೆ. ದೊಡ್ಡ ಮನುಷ್ಯರು, ದುಃಖದಲ್ಲಿ ಮರೆತಿರಬೇಕು ಅಂದ್ಕೊಂಡೆ. ಈಗ ಗೊತ್ತಾಯ್ತು, ನುಂಗೋದೇ ನಿಮ್ಮ ಅಭ್ಯಾಸ."

ಹೊರಗೆ ಫೋನಿನ ಮಾತು ನಿಂತಿತು. ಲಾಕ್ಲಿಯ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಬೆಡ್ಡೋ ಎರಡು ಹೆಜ್ಜೆ ಮುಂದೆ ಬಂದು ಕೈ ಚಾಚಿದ.

"ಸಹಿ ಬೇಡ. ಹೋಗ್ಲಿ ಬಿಡು, ಸಹಿ ಹಾಕ್ಬೇಡ. ಆ ರೆಕಾರ್ಡ್ ಮಾತ್ರ ನನ್ನ ಕೈಗೆ ಕೊಡು. ದೇವರಾಣೆ, ನಿನ್ನ ಕಾಲಿಗೆ ಬೀಳ್ತೀನಿ. ಕೊಡು ಮಾವಿಸ್."

ಮಾವಿಸ್ ರೆಕಾರ್ಡನ್ನು ಎರಡೂ ಕೈಯಿಂದ ಎದೆಗವುಚಿಕೊಂಡು ಎದ್ದು ನಿಂತಳು. ಬಾಗಿಲ ಹಿಡಿ ತಿರುಗಿತು.

"ಕೊಡಲ್ಲ, ಸಿರಿಲ್."