ಮೂಲೆಯಲ್ಲೊಂದು ತುತ್ತು

ನಾನು ಒಂದು ಕೌದಿ. ಹಳೆಯ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಕೈಸೂಜಿಯಲ್ಲಿ ಹೊಲಿದ ಹೊದಿಕೆ. ಹುಟ್ಟುವಾಗಲೇ ಹಳಬರಾಗಿ ಹುಟ್ಟುವ ಭಾಗ್ಯ ನಮ್ಮ ಕುಲಕ್ಕೆ ಮಾತ್ರ ಇದೆ. ನನ್ನ ಬೆನ್ನಿಗೆ ಇಳಕಲ್ ಸೀರೆ, ಎದೆಗೆ ಖಣದ ಕುಪ್ಪಸದ ತುಂಡುಗಳು, ಒಳಗೆ ಒಂದು ಧೋತರ ಮತ್ತು ಶಾಲೆಯ ನೀಲಿ ಲಂಗ. ಇವೆಲ್ಲ ತಮ್ಮ ತಮ್ಮ ಬಾಳು ಬಾಳಿಯೇ ನನ್ನೊಳಗೆ ಬಂದವು. ಬಿಸಿಲಿಗೆ ಹಾಕಿದಾಗ ಒಂದೊಂದು ತುಂಡೂ ತನ್ನ ಹಳೆಯ ಕನಸು ಕಾಣುತ್ತಿತ್ತು. ಖಣಕ್ಕೆ ಮದುವೆಮನೆಯ ಕನಸು, ಲಂಗಕ್ಕೆ ಕುಂಟೆಬಿಲ್ಲೆಯ ಕನಸು. ಧೋತರ ಮಾತ್ರ ಸುಮ್ಮನೆ ಗೊರಕೆ ಹೊಡೆಯುತ್ತಿತ್ತು.

ನನ್ನನ್ನು ಹೊಲಿದವಳು ಧಾರವಾಡದ ನಿಂಬೆವ್ವ. ಮಧ್ಯಾಹ್ನದ ಊಟ ಮುಗಿದ ಮೇಲೆ ಓಣಿಯ ಹೆಂಗಸರು ಅವಳ ಪಡಸಾಲೆಗೆ ಬಂದು ನನ್ನ ಸುತ್ತ ಕೂರುತ್ತಿದ್ದರು. ಹೊಲಿಗೆ ಸಾಗಿದ್ದಕ್ಕಿಂತ ಮಾತು ಸಾಗಿದ್ದೇ ಹೆಚ್ಚು. ಊರಿನ ಸುದ್ದಿಯೆಲ್ಲ ನನ್ನ ಮಡಿಕೆಗಳೊಳಗೆ ಇಳಿಯಿತು. ಯಾರ ಗುಟ್ಟನ್ನೂ ನಾನು ಈವರೆಗೆ ಬಿಟ್ಟುಕೊಟ್ಟಿಲ್ಲ.

ಕೊನೆಗೆ ಒಂದು ಮೂಲೆ ಮಾತ್ರ ಹೊಲಿಯದೆ ಉಳಿಯಿತು. ನಿಂಬೆವ್ವ ಅಡುಗೆಮನೆಗೆ ಹೋಗಿ, ಬಿಸಿಲಿನಲ್ಲಿ ಗರಿಗರಿ ಒಣಗಿಸಿಟ್ಟ ಹೋಳಿಗೆಯ ಒಂದು ಚೂರು ತಂದಳು. ಅದನ್ನು ಆ ಮೂಲೆಯೊಳಗೆ ತುರುಕಿ ಹೊಲಿಗೆ ಹಾಕತೊಡಗಿದಳು. ಬಾಗಿಲಿಗೆ ಒರಗಿ ನಿಂತಿದ್ದ ಮಗಳು ದಾನೇಶ್ವರಿ ಆಗ ತುಂಬು ಬಸುರಿ. ಅವಳಿಗೆ ನಗು ತಡೆಯಲಾಗಲಿಲ್ಲ.

“ಯವ್ವಾ, ಇದೇನ ಮಾಡಾಕತ್ತೀ?”

“ತುತ್ತು ಹಾಕಾಕತ್ತೀನಿ. ಹೊಟ್ಟಿ ತುಂಬಿದ ಮ್ಯಾಲೆ ಬಾಯಿ ಮುಚ್ಚಬೇಕು.”

“ಕೌದಿಗೆ ಹೊಟ್ಟಿ ಇರ್ತದೇನು?”

“ಹಸದ ಕೌದಿ ಹೊಚ್ಚಿಕೊಂಡ್ರ ಕೂಸಿಗೆ ನಿದ್ದಿ ಬರೂದಿಲ್ಲ. ಸೂಜಿ ಹಿಡಿಯಾಕ ಬರಲಾರದಾಕಿ ನೀ, ನಿನಗ ಹೆಂಗ ತಿಳೀಬೇಕು?”

ಹೀಗೆ ನಾನು ಹೊಟ್ಟೆ ತುಂಬ ಉಂಡು ಹುಟ್ಟಿದೆ. ಹುಟ್ಟಿದ ತಿಂಗಳಲ್ಲೇ ನನ್ನ ಕೆಳಗೆ ಮಲಗಲು ದಾನೇಶ್ವರಿಯ ಮಗಳು ಮುಕ್ತಾ ಬಂದಳು.

ಹೊದಿಕೆಯ ಕೆಲಸ ಬರೀ ಬೆಚ್ಚಗಿಡುವುದು ಎಂದು ಜನ ತಿಳಿದಿದ್ದಾರೆ. ಅದು ಅರ್ಧ ಕೆಲಸ. ಮಲಗಿದವರ ಕನಸು ಹೊರಗೆ ಚೆಲ್ಲದಂತೆ ನೋಡಿಕೊಳ್ಳುವುದು ಇನ್ನರ್ಧ. ಮುಕ್ತಾಳ ಕನಸುಗಳು ಮೊದಮೊದಲು ಬಣ್ಣವಿಲ್ಲದ, ಹಾಲಿನ ವಾಸನೆಯ ಕನಸುಗಳು. ಆಮೇಲೆ ಅವುಗಳಲ್ಲಿ ಗುಬ್ಬಿ ಬಂತು, ಬೀದಿಯ ಕರು ಬಂತು, ನಿಂಬೆವ್ವನ ಮೂಗುತಿ ಬಂತು. ಅಜ್ಜಿಯನ್ನು ಅವಳು ಆಯಿ ಎನ್ನುತ್ತಿದ್ದಳು. ಮಾತು ಬಂದ ಮೇಲೆ ನನ್ನ ಮೂಲೆಯ ಗಂಟಿಗೂ ಒಂದು ಹೆಸರಿಟ್ಟಳು: ಉಂಡಿ. ಎರಡು ಬೆರಳಲ್ಲಿ ಉಂಡಿಯನ್ನು ಹಿಸುಕುತ್ತ ಹಿಸುಕುತ್ತ ನಿದ್ದೆ ಹೋಗುವುದು ಅವಳ ರೂಢಿ. ಅದು ಸಿಗದಿದ್ದರೆ ಮನೆ ರಣರಂಗ. ನನಗೆ ಇದರಿಂದ ಸ್ವಲ್ಪ ಜಂಬ ಬಂದಿತ್ತು, ಸುಳ್ಳೇಕೆ ಹೇಳಲಿ.

ಮುಕ್ತಾಳಿಗೆ ಎರಡು ವರ್ಷ ತುಂಬಿದಾಗ ಮನೆಯಲ್ಲಿ ಗಡಿಬಿಡಿ ಶುರುವಾಯಿತು. ಅವಳ ಅಪ್ಪ ಪ್ರಭು ಗೋಧಿ ತಳಿಗಳ ಮೇಲೆ ಕೆಲಸ ಮಾಡುವವನು. ಕೆಲವು ತಿಂಗಳ ತರಬೇತಿಗೆ ಆಸ್ಟ್ರೇಲಿಯಾದ ಒಂದು ಕಡಲತೀರದ ಊರಿಗೆ ಕರೆ ಬಂದಿತ್ತು. ಮೂವರೂ ಹೊರಡುವುದೆಂದಾಯಿತು. ನಿಂಬೆವ್ವನನ್ನೂ ಕರೆದರು.

“ನನಗ ಗುಡಿ ಪಾವಟಿಗಿ ಹತ್ತೂದ ಆಗೂದಿಲ್ಲ, ವಿಮಾನ ಎಲ್ಲಿ ಹತ್ಲಿ?” ಎಂದು ಅವಳು ಮೊಣಕಾಲು ತಿಕ್ಕಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, “ಆ ಊರಾಗ ಸಮುದ್ರ ಐತಂತಲ್ಲಾ?”

ನಿಂಬೆವ್ವ ಸಮುದ್ರ ನೋಡಿರಲಿಲ್ಲ. ನೋಡಬೇಕೆಂಬ ಆಸೆ ಅವಳಿಗಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವಳ ಮಧ್ಯಾಹ್ನದ ನಿದ್ದೆಗಳು ನನಗೆ ಗೊತ್ತಿದ್ದವು.

ಸಾಮಾನು ಕಟ್ಟುವುದೇ ಒಂದು ಮದುವೆಯಷ್ಟು ದೊಡ್ಡದಾಯಿತು. ಎಳೆಯ ಮಗುವಿನೊಂದಿಗೆ ಪರದೇಶಕ್ಕೆ ಹೋಗುವವರು ಏನೇನು ಒಯ್ಯಬೇಕು ಎಂದು ದಾನೇಶ್ವರಿ ಮೊಬೈಲಿನಲ್ಲಿ ಹುಡುಕಿದ್ದೇ ಹುಡುಕಿದ್ದು. ಹೊಸ ಹೊಸ ಡಬ್ಬಿಗಳು ಬಂದವು. ಮಗುವನ್ನು ಕೂರಿಸಿ ತಳ್ಳುವ ಸ್ಟ್ರಾಲರ್ ಬಂತು, ಅದು ಕೊಡೆಯಂತೆ ಮಡಚಿಕೊಳ್ಳುತ್ತಿತ್ತು. ಎದೆಗೆ ಕಟ್ಟಿಕೊಳ್ಳುವ ಚೀಲ ಬಂತು. ಚೆಲ್ಲದ ಲೋಟ ಬಂತು. ಮಡಚುವ ತೊಟ್ಟಿಲು, ಅದರೊಳಗೆ ಮಗುವನ್ನು ಇಳಿಸಿ ಜಿಪ್ ಎಳೆಯುವ ನಿದ್ದೆಯ ಚೀಲವೂ ಬಂದವು. ಕೋಣೆಯ ತುಂಬ ಅವುಗಳದೇ ದರ್ಬಾರು. ಸ್ಟ್ರಾಲರ್ ತನ್ನ ಗಾಲಿ ತಿರುಗಿಸಿ ತೋರಿಸುತ್ತಿತ್ತು. ನಿದ್ದೆಯ ಚೀಲ ತಾನು ಗರಿಯಷ್ಟು ಹಗುರ ಎಂದು ಬೀಗುತ್ತಿತ್ತು. ನನ್ನನ್ನು ನೋಡಿ ಮೂಗು ಮುರಿಯುತ್ತಿತ್ತು, ಮೂಗಿಲ್ಲದಿದ್ದರೂ.

ದಾನೇಶ್ವರಿ ನನ್ನನ್ನು ಎತ್ತಿ ತೂಗಿ ನೋಡಿದಳು. “ಭಾಳ ವಜ್ಜಿ ಆಗ್ತದ್ರೀ. ಇದೊಂದ ಅರ್ಧಾ ಬ್ಯಾಗ್ ತಿಂತದ,” ಎಂದು ಗಂಡನಿಗೆ ಹೇಳಿ ನನ್ನನ್ನು ಪಕ್ಕಕ್ಕಿಟ್ಟಳು.

ನಿಂಬೆವ್ವ ಅಲ್ಲೇ ಕೂತು ಶೇಂಗಾ ಚಟ್ನಿ ಕಟ್ಟುತ್ತಿದ್ದಳು. ಅವಳು ಕೈ ನಿಲ್ಲಿಸಿದಳು. “ನಾ ಅಂತೂ ಬರಾಂಗಿಲ್ಲ,” ಎಂದಳು. “ಇದಾದ್ರೂ ಬರ್ಲಿ ಬಿಡ, ದಾನವ್ವಾ.”

ಆ ಮಧ್ಯಾಹ್ನ ಹೊಸ ತೊಟ್ಟಿಲು ಬಿಚ್ಚಿ ಮುಕ್ತಾಳನ್ನು ನಿದ್ದೆಯ ಚೀಲದಲ್ಲಿ ಮಲಗಿಸುವ ಪ್ರಯೋಗ ನಡೆಯಿತು. ಅವಳು ಕಿರುಚಿದ ಕಿರುಚಾಟಕ್ಕೆ ಹಿತ್ತಲ ಕಾಗೆಗಳೂ ಎದ್ದು ಹೋದವು. ಕೊನೆಗೆ ಪ್ರಭು ತಾನೇ ತೊಟ್ಟಿಲನ್ನು ಮಡಚಿ ಅಟ್ಟಕ್ಕೇರಿಸಿದ. ಅದರ ಜಾಗದಲ್ಲಿ ನನ್ನನ್ನು ಇಟ್ಟ. ಅಟ್ಟಕ್ಕೆ ಹೋಗುವ ತೊಟ್ಟಿಲನ್ನು ನಾನು ಕಣ್ತುಂಬ ನೋಡಿದೆ.

ವಿಮಾನದಲ್ಲಿ ಮುಕ್ತಾ ನನ್ನ ಕೆಳಗೆ ಹಾಯಾಗಿ ಮಲಗಿದಳು. ಕಿಟಕಿಯಾಚೆ ಹಿಂಜಿದ ಅರಳೆಯಂಥ ಮೋಡಗಳು. ನನ್ನೊಳಗಿನ ಹಳೆಯ ಬಟ್ಟೆಗಳು ತಾವು ಹತ್ತಿಯಾಗಿದ್ದ ದಿನಗಳನ್ನು ನೆನೆದು ಮೆತ್ತಗಾದವು. ಇಳಿದ ಮೇಲೂ ಅವಳಿಗೆ ಎಚ್ಚರವಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುವುದು ಸುಳ್ಳಲ್ಲ. ಸಂತೆಯಂಥ ಆ ವಿಮಾನ ನಿಲ್ದಾಣದಲ್ಲಿ ಸ್ಟ್ರಾಲರ್ ಮೇಲೆ ಅವಳು, ಅವಳ ಮೇಲೆ ನಾನು.

ತಿನ್ನುವ ವಸ್ತು ಏನೇ ತಂದಿದ್ದರೂ ಮೊದಲೇ ಹೇಳಬೇಕು ಎಂಬುದು ಆ ದೇಶದ ನಿಯಮ. ಬೇರೆ ನೆಲದ ಹುಳು, ರೋಗ ತಮ್ಮ ಹೊಲಗಳಿಗೆ ಬರಬಾರದೆಂದು ಅವರ ಕಾಳಜಿ. ದಾನೇಶ್ವರಿ ಕಟ್ಟುನಿಟ್ಟಿನ ಹೆಂಗಸು. ಖಡಕ್ ರೊಟ್ಟಿ, ಚಟ್ನಿಪುಡಿ, ಅವಲಕ್ಕಿ ಎಲ್ಲವನ್ನೂ ತೆಗೆದು ತೋರಿಸಿದಳು. ಅವನ್ನು ನೋಡಿ ಬಿಟ್ಟರು. “ಬೇರೆ ಏನಾದರೂ ಇದೆಯೇ?” ಎಂದು ಕೇಳಿದ್ದಕ್ಕೆ ಎದೆಯುಬ್ಬಿಸಿ ಇಲ್ಲ ಎಂದಳು. ಕೌದಿಯ ಹೊಟ್ಟೆಯಲ್ಲಿರುವ ಊಟವನ್ನು ಯಾರು ತಾನೇ ಊಟ ಎಂದು ಲೆಕ್ಕ ಹಿಡಿಯುತ್ತಾರೆ?

ಆಗ ಒಂದು ನಾಯಿ ಬಂತು. ಕಂದು ಕಿವಿಯ, ಗಂಭೀರ ಮುಖದ ಪುಟ್ಟ ನಾಯಿ. ಹಸಿರು ಕೋಟು ಹಾಕಿಕೊಂಡಿತ್ತು. ಬ್ಯಾಗುಗಳನ್ನು ಮೂಸುತ್ತ ಬಂದು, ಸ್ಟ್ರಾಲರ್ ಹತ್ತಿರ ನಿಂತು, ನನ್ನ ಮೂಲೆಗೆ ಮೂಗು ತಾಗಿಸಿ, ಶಾಂತವಾಗಿ ಕುಳಿತುಬಿಟ್ಟಿತು. ನಾಯಿ ಕುಳಿತರೆ ಅಲ್ಲಿ ತಿನಿಸಿದೆ ಎಂದರ್ಥವಂತೆ. ನನ್ನ ದಾರಗಳೆಲ್ಲ ತಣ್ಣಗಾದವು.

ಅಧಿಕಾರಿ ನರೆಗೂದಲ ಹೆಂಗಸು. ನನ್ನ ಮೂಲೆ ಹಿಸುಕಿ, ಇದರಲ್ಲೇನಿದೆ ಎಂದು ಕೇಳಿದಳು. ಮೊದಲು ದಾನೇಶ್ವರಿಗೆ ಹೊಳೆಯಲೇ ಇಲ್ಲ. ಆಮೇಲೆ ಅವಳ ಕೈ ಬಾಯಿಗೆ ಹೋಯಿತು. “ರೀ, ಅವ್ವನ ತುತ್ತು!” ಎಂದಳು. ಪ್ರಭು ಇಂಗ್ಲಿಷಿನಲ್ಲಿ ವಿವರಿಸಲು ಹೊರಟ. ನಮ್ಮಲ್ಲಿ ಹೊದಿಕೆಗೆ ಊಟ ಹಾಕುತ್ತೇವೆ ಎಂದು ಹೇಳುವಾಗ ಅವನ ಮುಖವೇ ಕೆಂಪಾಯಿತು. ಆಕೆ ನಗಲಿಲ್ಲ, ಗದರಲೂ ಇಲ್ಲ. ಮೋಸವಿಲ್ಲವೆಂದು ನಂಬಿದಳು. ಆದರೆ ಇಷ್ಟು ಹಳೆಯ ತಿನಿಸು ಒಳಗೆ ಹೋಗುವಂತಿಲ್ಲ. ಕೌದಿಯನ್ನೇ ಇಲ್ಲಿ ಬಿಡಿ, ಇಲ್ಲವೇ ಮೂಲೆ ಕತ್ತರಿಸಲು ಬಿಡಿ ಎಂದು ಕತ್ತರಿ ತಂದಳು.

ದಾನೇಶ್ವರಿ ಅವಳ ಕೈ ತಡೆದಳು. ತನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದಳು. ಬಟ್ಟೆಗೆ ಒಂದು ಗಾಯವೂ ಆಗದಂತೆ ತಾಯಿಯ ಹೊಲಿಗೆಯನ್ನು ಒಂದೊಂದಾಗಿ ಎತ್ತಿ ಬಿಚ್ಚಿದಳು. ಕಲ್ಲಿನಷ್ಟು ಗಟ್ಟಿಯಾದ ಹೋಳಿಗೆಯ ಚೂರು ಹೊರಬಿತ್ತು, ಒಂದು ಡಬ್ಬಿಗೆ ಹೋಯಿತು. ನಾಯಿಗೆ ಅದರ ಯಜಮಾನ ಬೇರೇನೋ ತಿಂಡಿ ಕೊಟ್ಟ. ನನಗೆ ಜೀವನದಲ್ಲಿ ಮೊದಲ ಸಲ ಹಸಿವಾಯಿತು.

ಆ ಊರಿನ ಮನೆ ಚೆಂದವಿತ್ತು. ಕಿಟಕಿ ತೆರೆದರೆ ಹಸಿರು ಸಮುದ್ರ. ಆದರೆ ಮುಕ್ತಾ ಮಲಗಲಿಲ್ಲ. ನನ್ನ ನಾಲ್ಕೂ ಮೂಲೆ ತಡಕಾಡಿ, “ಉಂಡಿ ಎಲ್ಲಿ? ಉಂಡಿ ಎಲ್ಲಿ?” ಎಂದು ಅಳುತ್ತಿದ್ದಳು. ನಾಯಿ ಒಯ್ಯಿತು ಎಂದು ಪ್ರಭು ಸಮಾಧಾನ ಮಾಡುತ್ತಿದ್ದ. ಸ್ಟ್ರಾಲರ್‌ನಲ್ಲಿ ಸಮುದ್ರದ ದಂಡೆಯುದ್ದಕ್ಕೂ ತಳ್ಳಿದರು. ಎದೆಗೆ ಕಟ್ಟಿಕೊಂಡು ತಿರುಗಿದರು. ಮೂಲೆಗೆ ಚೆಂಡು ಇಟ್ಟು ನೋಡಿದರು, ಗುಂಡಿ ಇಟ್ಟು ನೋಡಿದರು. ಅವಳನ್ನು ಮೋಸಗೊಳಿಸಲಾಗಲಿಲ್ಲ. ಮಗು ಸೊರಗಿತು, ಉಣ್ಣುವುದನ್ನೂ ಬಿಟ್ಟಿತು. ಹೀಗೇ ಆದರೆ ತಾಯಿ ಮಗಳು ಊರಿಗೆ ಮರಳುವುದೇ ಸರಿ ಎಂದು ಗಂಡ ಹೆಂಡತಿ ಮಾತಾಡಿಕೊಂಡರು.

ನಿಂಬೆವ್ವ ದಿನಾ ಫೋನಿನಲ್ಲಿ ಕೇಳುತ್ತಿದ್ದಳು, “ಕೂಸು ಮಲಗ್ತೈತೇನ? ಕೌದಿ ಹೊಚ್ಚತೀಯೇನ?” ದಾನೇಶ್ವರಿ ಹೂಂ ಎನ್ನುತ್ತಿದ್ದಳು. ತುತ್ತು ತೆಗೆದದ್ದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಬರಲಾಗದ ತಾಯಿ ತನ್ನ ಬದಲಿಗೆ ಕಳಿಸಿದ್ದನ್ನು ತನ್ನ ಕೈಯಾರೆ ಕಿತ್ತು ಕೊಟ್ಟೆನಲ್ಲ ಎಂಬ ಸಂಕಟ ಅವಳದು.

ಗುಟ್ಟು ರಟ್ಟು ಮಾಡಿದವಳು ಮುಕ್ತಾ. ಒಂದು ದಿನ ಫೋನಿನ ಪರದೆಯ ಮೇಲೆ ಅಜ್ಜಿಯ ಮುಖ ಕಂಡದ್ದೇ, ನನ್ನನ್ನು ಎಳೆದು ತಂದು ತೆರೆದ ಮೂಲೆಯನ್ನು ತೋರಿಸಿದಳು. “ಆಯಿ, ಉಂಡಿ ನಾಯಿ ಒಯ್ತು.”

ದಾನೇಶ್ವರಿ ತಲೆ ತಗ್ಗಿಸಿ ಎಲ್ಲ ಹೇಳಿದಳು. ದಾನೇಶ್ವರಿಯ ಕಣ್ಣು ತುಂಬಿದವು.

“ನಾಯಿ ತಿಂತೋ ಇಲ್ಲೋ?” ನಿಂಬೆವ್ವ ಕೇಳಿದಳು.

“ಇಲ್ಲವ್ವ. ಡಬ್ಬ್ಯಾಗ ಒಗದ್ರು.”

“ಅಯ್ಯ ಶಿವನ! ನಾಯಿಗಾದ್ರೂ ಹಾಕಿದ್ರ ಪುಣ್ಯಾ ಬರ್ತಿತ್ತು. ಅಷ್ಟ ದೂರದಿಂದ ವಾಸನಿ ಹಿಡದೈತಿ ಪಾಪ, ನನ್ನ ಹೋಳಿಗಿ!” ಅವಳು ನಕ್ಕಳು. “ಅಳಬ್ಯಾಡ. ಯಾವ ಊರಾಗ ಮಲಗ್ತೀವೋ ಆ ಊರಿನ ತುತ್ತು ಹಾಕಬೇಕು. ಅಲ್ಲಿ ಮಂದಿ ಏನ ತಿಂತಾರ?”

“ಬ್ರೆಡ್ಡು.”

“ಅದನ್ನ ಒಣಗಸು. ಹೊಲಿ.”

“ನನಗ ಹೊಲ್ಯಾಕ ಬರೂದಿಲ್ಲ, ಯವ್ವಾ.”

“ಕೂಸಿನ ನಿದ್ದಿ ಹೋದ ಮ್ಯಾಲೆ ಎಲ್ಲಾ ಬರ್ತದ.”

ಬೇಕರಿಯ ಬ್ರೆಡ್ಡಿನ ಅಂಚು ಸಮುದ್ರದ ಬಿಸಿಲಿನಲ್ಲಿ ಒಣಗಿತು. ದಾನೇಶ್ವರಿ ಸೂಜಿ ಹಿಡಿದಳು. ಬೆರಳು ಚುಚ್ಚಿಕೊಂಡಳು, ದಾರ ಗಂಟು ಹಾಕಿಕೊಂಡಳು, ತನ್ನನ್ನೇ ಬೈದುಕೊಂಡಳು. ಕೊನೆಗೂ ಮೂಲೆ ಮುಚ್ಚಿತು. ನಿಂಬೆವ್ವನ ಹೊಲಿಗೆ ಇರುವೆ ಸಾಲು, ಇದು ಕಾಗೆ ಕಾಲು. ಮುಕ್ತಾ ಮೂಲೆಯನ್ನು ಹಿಸುಕಿ ನೋಡಿದಳು. ಗಟ್ಟಿಯಾಗಿ, ಸ್ವಲ್ಪ ಸದ್ದು ಮಾಡುತ್ತಿದ್ದ ಹೊಸ ಗಂಟು. ಅವಳು ಯೋಚಿಸಿದಳು. “ಉಂಡಿ ತಮ್ಮ,” ಎಂದು ತೀರ್ಮಾನಿಸಿ ಕಣ್ಣು ಮುಚ್ಚಿದಳು. ಅವಳ ಪಕ್ಕದಲ್ಲೇ ದಾನೇಶ್ವರಿಯೂ ನನ್ನ ಅಂಚು ಎಳೆದುಕೊಂಡು ಮಲಗಿದಳು. ಆ ಮಧ್ಯಾಹ್ನ ಇಬ್ಬರದೂ ಒಂದೇ ಕನಸು. ಸಮುದ್ರದ ದಂಡೆಯಲ್ಲಿ ಕಂದು ಕಿವಿಯ ನಾಯಿಯೊಂದು ಹೋಳಿಗೆ ತಿನ್ನುತ್ತಿತ್ತು, ನಿಂಬೆವ್ವ ಅದಕ್ಕೆ ತುಪ್ಪ ಬಡಿಸುತ್ತಿದ್ದಳು.

ಊರಿಗೆ ಮರಳಿದಾಗ ಓಣಿಯ ಹೆಂಗಸರು ನನ್ನ ಮೂಲೆ ನೋಡಿ ನಕ್ಕಿದ್ದೇ ನಕ್ಕಿದ್ದು. ಬಿಚ್ಚಿ ಚೆಂದ ಹೊಲಿ ಎಂದು ನಿಂಬೆವ್ವನಿಗೆ ಹೇಳಿದರು. “ನನ್ನ ಮಗಳ ಮೊದಲ ಹೊಲಗಿ ಅದು. ಯಾರೂ ಮುಟ್ಟಬ್ಯಾಡ್ರಿ,” ಎಂದಳು ಅವಳು. ಆ ಮಧ್ಯಾಹ್ನ ನನ್ನನ್ನು ತಾನೇ ಹೊದ್ದು, ಬ್ರೆಡ್ಡಿನ ಮೂಲೆಯನ್ನು ಅಂಗೈಯಲ್ಲಿ ಹಿಡಿದು ಮಲಗಿದಳು. ನಾನು ಅಲ್ಲಿಂದ ತಂದದ್ದನ್ನೆಲ್ಲ ನಿಧಾನವಾಗಿ ಅವಳ ನಿದ್ದೆಗೆ ಬಿಟ್ಟೆ. ಎದ್ದವಳು ಮಗಳನ್ನು ಕೇಳಿದಳು, “ಅಲ್ಲಿ ಸಮುದ್ರ ಹಸರ ಇರ್ತೈತಿ, ಹೌದಲ್ಲ?” ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಅವಳು ನನ್ನನ್ನು ಹೊದ್ದು ಎಷ್ಟೋ ಸಲ ಆ ದಂಡೆಗೆ ಹೋಗಿ ಬಂದಳು, ಮೊಣಕಾಲು ನೋವಿಲ್ಲದೆ. ಕೊನೆಯ ಸಲ ಹೋದವಳು ಮರಳಿ ಬರಲಿಲ್ಲ. ನಾನು ಅವಳ ಮೇಲೆಯೇ ಇದ್ದೆ. ತುಂಬ ಅತ್ತೆ, ಆದರೆ ಬಟ್ಟೆಯ ಅಳು ಯಾರಿಗೆ ಕೇಳುತ್ತದೆ.

ಈಗ ನಾನು ಜಾಳುಜಾಳಾಗಿದ್ದೇನೆ. ಖಣ ಹರಿದಿದೆ, ಧೋತರದ ಗೊರಕೆ ನಿಂತಿದೆ. ಮುಕ್ತಾಳಿಗೆ ಮಗ ಹುಟ್ಟಿದ್ದಾನೆ. ಅವನನ್ನು ಕರೆದುಕೊಂಡು ಅವಳೂ ದೂರದ ದೇಶಕ್ಕೆ ಹೊರಟಿದ್ದಾಳೆ. ಕೋಣೆಯ ತುಂಬ ಮತ್ತೆ ಅದೇ ಡಬ್ಬಿಗಳು, ಅದೇ ಬೀಗುವ ಗಾಲಿಗಳು. ದಾನೇಶ್ವರಿ ಪಡಸಾಲೆಯಲ್ಲಿ ಹೊಸ ಕೌದಿ ಹೊಲಿದಿದ್ದಾಳೆ. ಕಾಗೆ ಕಾಲು ಎಂದೋ ಇರುವೆ ಸಾಲಾಗಿದೆ. ಹೋದ ವಾರ ಅದರ ಒಂದು ಮೂಲೆ ಮಾತ್ರ ಉಳಿದಿತ್ತು.

“ಅವ್ವಾ, ತುತ್ತು ಹಾಕಬ್ಯಾಡ. ಅಲ್ಲೂ ನಾಯಿ ಇರ್ತಾವ,” ಎಂದಳು ಮುಕ್ತಾ.

“ಹಸದ ಕೌದಿ ಕೊಟ್ಟ ಕಳಸ್ಲೇನು?” ದಾನೇಶ್ವರಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಆಮೇಲೆ ಎದ್ದು ಬಂದು ಟ್ರಂಕಿನಿಂದ ನನ್ನನ್ನು ತೆಗೆದಳು. ನನ್ನ ಆ ಮೂಲೆಯನ್ನು ಕತ್ತರಿಸಿ, ಪುಡಿಪುಡಿಯಾದ ಬ್ರೆಡ್ಡನ್ನು ಅಂಗಳದ ಗುಬ್ಬಿಗಳಿಗೆ ಉದುರಿಸಿದಳು. ಬಟ್ಟೆಯನ್ನು ತೊಳೆದು, ಬಿಸಿಲಿಗೆ ಹಾಕಿ, ಬಿಗಿಯಾಗಿ ಮಡಚಿ ಗಂಟು ಮಾಡಿ ಹೊಸ ಕೌದಿಯ ಮೂಲೆಯೊಳಗೆ ತುರುಕಿದಳು. ಮುಕ್ತಾ ಅದನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದಳು. ಅವಳ ಕಣ್ಣು ತಾವಾಗಿಯೇ ಮುಚ್ಚಿಕೊಂಡವು.

ಹಾಗಾಗಿ ನಾನೀಗ ಎರಡು ಕಡೆ ಇದ್ದೇನೆ. ಉಳಿದ ನಾನು ಈ ಮನೆಯ ಕಟ್ಟೆಯ ಮೂಲೆಯಲ್ಲಿ, ಬೀದಿಯ ಮುದಿ ನಾಯಿಯೊಂದರ ಕೆಳಗೆ ಹಾಸಿಕೊಂಡಿದ್ದೇನೆ. ಅದು ಮಲಗುವ ಮೊದಲು ನನ್ನ ಕತ್ತರಿಸಿದ ಅಂಚನ್ನು ಮೂಸುತ್ತದೆ. ತಿನ್ನಲು ಏನೂ ಇಲ್ಲವೆಂದು ತಿಳಿದು, ಮೂತಿ ಊರಿ ನಿದ್ದೆ ಹೋಗುತ್ತದೆ. ಇನ್ನೊಂದು ನಾನು ನಾಳೆ ವಿಮಾನ ಹತ್ತುತ್ತೇನೆ, ಒಂದು ಎಳೆಯ ಮುಷ್ಟಿಯೊಳಗೆ. ಹುಟ್ಟಿದಾಗ ನನ್ನ ಬಾಯಿಗೆ ನಿಂಬೆವ್ವ ತುತ್ತು ಇಟ್ಟಿದ್ದಳು. ಈಗ ನಾನೇ ತುತ್ತಾಗಿದ್ದೇನೆ.