ಚುಕ್ಕೆ ಬೀಳದ ಜಾಗ

ನಾನು ಒಂದು ತೂತು ಕಾಗದ. ನಗಬೇಡಿ. ನಿಮ್ಮ ಮನೆಯಲ್ಲಿ ರಂಗೋಲಿ ಹಾಕಲು ತೂತಿನ ತಟ್ಟೆ ಇರುತ್ತದಲ್ಲ, ನಾನೂ ಅದೇ ಜಾತಿ. ಪೋರ್ಚುಗಲ್ ದೇಶದ ಪೋರ್ಟೊ ಊರಿನಲ್ಲಿ, ಗೋಡೆಗೆ ಹಚ್ಚುವ ಚಿತ್ರದ ಟೈಲ್ಸ್ ಮಾಡುವ ಕಾರ್ಖಾನೆಯಲ್ಲಿ ಹುಟ್ಟಿದೆ. ಮಾಲೀಕ ಸೆರಾಫಿಂ ನನ್ನ ಮೇಲೆ ಯೇಸುವಿನ ಅಜ್ಜಿ ಸಂತ ಆನಾಳ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿದ. ಹುಟ್ಟಿದ ದಿನವೇ ಸಾವಿರಾರು ಚುಚ್ಚು. ನಾನು ಸಿಡುಕನಾದದ್ದರಲ್ಲಿ ಆಶ್ಚರ್ಯವೇನಿದೆ?

ನನ್ನನ್ನು ಬಳಸುತ್ತಿದ್ದವಳು ಚಿತ್ರಗಾರ್ತಿ ಜುಲ್ಮಿರಾ. ಬಿಳಿ ಪುಡಿ ಬಳಿದ ಟೈಲ್ಸ್ ಮೇಲೆ ನನ್ನನ್ನು ಹಾಸಿ, ಇದ್ದಿಲ ಪುಡಿ ಕಟ್ಟಿದ ಬಟ್ಟೆಯಿಂದ ತಟ್ಟುತ್ತಿದ್ದಳು. ತೂತುಗಳ ಮೂಲಕ ಬಿದ್ದ ಚುಕ್ಕೆಗಳನ್ನು ಕುಂಚದಿಂದ ಸೇರಿಸುತ್ತಿದ್ದಳು. ಆ ಬಿಳಿ ಮೈ ಬಣ್ಣವನ್ನು ಥಟ್ಟನೆ ಹೀರಿಕೊಳ್ಳುತ್ತದೆ, ತಪ್ಪಿದರೆ ಅಳಿಸಲು ಬರುವುದಿಲ್ಲ. ಭಟ್ಟಿಯಲ್ಲಿ ಬೆಂದಾಗ ನೀಲಿ ಬಣ್ಣ ಉಳಿಯುತ್ತದೆ, ನನ್ನ ಚುಕ್ಕೆಗಳು ಸುಟ್ಟುಹೋಗುತ್ತವೆ. ನಾನು ಮಾಡಿದ್ದೆಲ್ಲ ಬೂದಿ.

ಜುಲ್ಮಿರಾಳದು ನನಗಿಂತ ದೊಡ್ಡ ಸಂಕಟ. ಬೀದಿ ಬೀದಿ ಮೀನು ಮಾರಿ ಅವಳನ್ನು ಸಾಕಿದ ಅಮ್ಮ ಸತ್ತು ಒಂಬತ್ತು ವರ್ಷವಾಗಿತ್ತು. ಒಂದು ಫೋಟೋ ಕೂಡ ಇರಲಿಲ್ಲ. ಮುಖ ಮರೆತುಹೋಗುವ ಮೊದಲು ಒಮ್ಮೆ ಟೈಲ್ಸ್ ಮೇಲೆ ಬರೆದಿಡಬೇಕು ಎನ್ನುವುದೊಂದೇ ಅವಳ ಆಸೆ. ಮನೆಗೆ ಭಟ್ಟಿ ಎಲ್ಲಿಂದ ತರುವುದು? ಕಾರ್ಖಾನೆಯಲ್ಲೇ ಬರೆದು ಬೇಯಿಸಿಕೊಳ್ಳಲೇ ಎಂದು ಕೇಳಿದಾಗಲೆಲ್ಲ ಸೆರಾಫಿಂ ನನ್ನನ್ನು ಬೆರಳಿನಿಂದ ಕುಟ್ಟಿ, ಚುಕ್ಕೆ ಬಿಟ್ಟು ಆಚೀಚೆ ಹೋಗಕೂಡದು ಎನ್ನುತ್ತಿದ್ದ. ಅವಳಿಗೆ ನನ್ನನ್ನೇ ಬೇಲಿ ಮಾಡಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ತಟ್ಟಿಸಿಕೊಂಡು ತಟ್ಟಿಸಿಕೊಂಡು ಒಂದು ದಿನ ನಾನು ಸಂತಳ ಮುಖದ ಜಾಗದಲ್ಲಿಯೇ ಹರಿದೆ. ಹೊಸ ಕಾಗದ ಕೇಳಿದರೆ, ಇದರಲ್ಲೇ ಸುಧಾರಿಸು ಅಂದ ಮಾಲೀಕ. ಜುಲ್ಮಿರಾ ತಟ್ಟಿದಳು. ಮುಖದ ಜಾಗದಲ್ಲಿ ಚುಕ್ಕೆಗಳಿರಲಿಲ್ಲ, ಬರೀ ಮಸಿ. ಅದನ್ನು ಮೆಲ್ಲಗೆ ಊದಿದಳು. ಕುಂಚವನ್ನು ನೀಲಿಯಲ್ಲಿ ಅದ್ದಿದಳು. ಆಮೇಲೆ ಒಮ್ಮೆಯೂ ಕುಂಚ ತಡೆಯದೆ ಬರೆದಳು.

ಭಟ್ಟಿಯಿಂದ ತೆಗೆದಾಗ ಸೆರಾಫಿಂ ಹುಬ್ಬು ಗಂಟಿಕ್ಕಿದ. "ಇದ್ಯಾವ ಸಂತಳ ಮುಖ?"

"ಕಾಗದ ಹರಿದಿತ್ತು," ಅಂದಳು ಜುಲ್ಮಿರಾ.

ಟೈಲ್ಸ್ ಹೇಳಿಸಿದ್ದ ಚಾಪೆಲ್‌ಗೆ, ಅಂದರೆ ಊರಿನ ಪುಟ್ಟ ಚರ್ಚಿಗೆ, ಮರುದಿನವೇ ಕೊಡಬೇಕಿತ್ತು, ಹಾಗಾಗಿ ಆ ಮುಖವೇ ಅಲ್ಲಿನ ಗೋಡೆಗೆ ಹೋಯಿತು. ಪ್ರತಿ ಭಾನುವಾರ ಅಮ್ಮನ ಎದುರು ಕೂತು ಬರುತ್ತೇನೆಂದು ಅವಳು ಪಕ್ಕದವಳಿಗೆ ಹೇಳುವುದನ್ನು ಬೀರುವಿನ ಹಿಂದಿನಿಂದ ಕೇಳಿಸಿಕೊಂಡೆ. ಸೆರಾಫಿಂ ನನ್ನನ್ನು ಅಲ್ಲಿಗೆ ಎಸೆದು ಹೊಸ ಕಾಗದ ಚುಚ್ಚಿದ್ದ. ಸಾಯುವತನಕ ಜುಲ್ಮಿರಾ ಅದರ ಚುಕ್ಕೆಗಳನ್ನೇ ಸೇರಿಸಿದಳು.

ಈಗ ನಾನು ಮ್ಯೂಸಿಯಂನ ಗಾಜಿನೊಳಗಿದ್ದೇನೆ. ಪಕ್ಕದಲ್ಲಿ ಚಾಪೆಲ್ ಗೋಡೆಯ ಫೋಟೋ, ಕೆಳಗೆ "ಚಿತ್ರ: ಸೆರಾಫಿಂ" ಎಂಬ ಚೀಟಿ. ಬಂದವರೆಲ್ಲ ಆ ಮುಖ ಎಷ್ಟು ಜೀವಂತವಾಗಿದೆ, ಮಾಲೀಕನ ಕೈಚಳಕ ನೋಡಿ ಅನ್ನುತ್ತಾರೆ. ಆ ಮುಖ ನನ್ನಿಂದ ಬಂದದ್ದಲ್ಲ ಎನ್ನಲು ನನ್ನಲ್ಲಿದ್ದ ಒಂದೇ ಸಾಕ್ಷಿ ನನ್ನ ಹರುಕು. ಕಳೆದ ವಾರ ಮ್ಯೂಸಿಯಂನ ಹಳೆಯ ಕಾಗದ ರಿಪೇರಿ ಮಾಡುವ ಒಬ್ಬ ಹೆಂಗಸು ಬಂದು, ಅಯ್ಯೋ ಪಾಪ ಎಂದು, ತೆಳು ಕಾಗದ ಅಂಟಿಸಿ ಅದನ್ನು ನೀಟಾಗಿ ಮುಚ್ಚಿದಳು.