ಬರ್ತೀನಿ ಎನ್ನದೆ ಹೋದವಳು

ಸಾವಿನ ಮನೆಗೆ ಮಾತಾಡಿಸಲು ಬಂದವರು ಹೊರಡುವಾಗ ‘ಬರ್ತೀನಿ’ ಎನ್ನುವುದಿಲ್ಲ. ಸುಮ್ಮನೆ ಎದ್ದು ಹೋಗುತ್ತಾರೆ. ೧೯೫೭ರಲ್ಲಿ ನಮ್ಮ ಏಳು ವರ್ಷದ ಪದ್ಮಿನಿ ವಿಷಮಶೀತ ಜ್ವರದಲ್ಲಿ ತೀರಿಕೊಂಡಾಗ, ತುಮಕೂರಿನ ಚಿಕ್ಕಪೇಟೆಯ ನಮ್ಮ ಮನೆಯಿಂದ ಹಾಗೆ ಎದ್ದು ಹೋದವರು ಎಷ್ಟು ಜನವೋ. ಹೆಂಗಸರು ನೇರ ಒಳಗೆ ಹೋಗಿ ನನ್ನ ಹೆಂಡತಿ ಕೌಸಲ್ಯೆಯನ್ನು ತಬ್ಬಿಕೊಂಡು ಅತ್ತರು. ಗಂಡಸರು ಜಗಲಿಯಲ್ಲಿ ನನ್ನ ಪಕ್ಕ ಕೂತರು.

ಸೀತಾರಾಮಯ್ಯನೂ ಕೂತ. ಗುಬ್ಬಿಯ ಸ್ಕೂಲಿನಲ್ಲಿ ಒಂದೇ ಬೆಂಚು, ಆಮೇಲೆ ತುಮಕೂರಿನಲ್ಲಿ ಒಂದೇ ಆಫೀಸು, ಇಪ್ಪತ್ತೈದು ವರ್ಷದ ಸ್ನೇಹ. ತುಟ್ಟಿಭತ್ಯೆ, ತನಗೆ ಕುಣಿಗಲ್ಲಿಗೆ ಆಗಿದ್ದ ವರ್ಗ, ಅಲ್ಲಿ ಬಾಡಿಗೆ ಮನೆ ಸಿಗುವ ಕಷ್ಟ ಎಂದು ಮೂರು ಗಂಟೆ ಹೊತ್ತು ಮಾತಾಡಿದ. ಮಗುವಿನ ಹೆಸರೆತ್ತಲಿಲ್ಲ. ಪಂಚೆ ಕೊಡವಿಕೊಂಡು ಹೋದ. ಎಷ್ಟು ತಿಳಿದವನಪ್ಪಾ, ಗಾಯ ಮುಟ್ಟಲಿಲ್ಲ ಎಂದು ನಾನು ಮೆಚ್ಚಿಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಎಲ್ಲರೂ ಬರುವುದು ನಿಂತ ಮೇಲೂ ಬಂದವಳು ದಾಕ್ಷಾಯಣಿ ಒಬ್ಬಳೇ. ಹಿಂದಿನ ಬೀದಿಯ ಎಣ್ಣೆ ಅಂಗಡಿ ಗಂಗಣ್ಣನ ಹೆಂಡತಿ. ದಿನಾ ಮಧ್ಯಾಹ್ನ ಇಬ್ಬರೂ ಮೊರದ ಮುಂದೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಪದ್ಮಿನಿಯ ಮಾತಾಡುವರು. ಅವಳು ಹುಣಸೆಹಣ್ಣು ಕದ್ದು ತಿಂದದ್ದು, ಎರಡು ಜಡೆಯೇ ಬೇಕೆಂದು ಹಟ ಹಿಡಿದದ್ದು. ಅಳುವರು, ನಡುವೆ ನಗುವರು. ಒಂದು ತಿಂಗಳಾದ ಮೇಲೆ ದಾಕ್ಷಾಯಣಿ ಹೊರಡುವಾಗ “ಬರ್ತೀನಿ ಕಣಕ್ಕ” ಎನ್ನತೊಡಗಿದಳು. ಕೌಸಲ್ಯೆ ಮತ್ತೆ ತಲೆ ಬಾಚಿಕೊಳ್ಳತೊಡಗಿದ್ದೂ ಆಗಲೇ.

ಐದೂವರೆಗೆ ನಾನು ಮನೆಗೆ ಬಂದಾಗ ಅವಳ ಕಣ್ಣು ಊದಿರುತ್ತಿತ್ತು. ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಈಗ ಮುಚ್ಚಿಡುವುದೇಕೆ, ಅದು ಹೊಟ್ಟೆಕಿಚ್ಚು. ನನ್ನ ಮಗಳ ಹೆಸರು ಒಳಮನೆಯಲ್ಲಿ ದಿನವೂ ಕೇಳುತ್ತಿತ್ತು, ಜಗಲಿಯಲ್ಲಿ ಒಂದು ದಿನವೂ ಇಲ್ಲ. ಆದರೆ ಆಗ ಅದನ್ನು ಹೆಂಡತಿಯ ಮೇಲಿನ ಕಾಳಜಿ ಎಂದೇ ತಿಳಿದುಕೊಂಡಿದ್ದೆ.

ಒಂದು ಶನಿವಾರ ಬೇಗ ಬಂದವನು ನಡುಮನೆಯಲ್ಲೇ ನಿಂತು ಹೇಳಿಬಿಟ್ಟೆ: “ನೀವು ಬಂದು ಬಂದು ಇವಳನ್ನ ಅಳಿಸ್ತಿದೀರಿ. ಇವಳು ಮರೀಬೇಕು. ಇನ್ಮೇಲೆ ಬರ್ಬೇಡಿ.”

ದಾಕ್ಷಾಯಣಿ ಕೌಸಲ್ಯೆಯ ಮುಖ ನೋಡಿದಳು. ಕೌಸಲ್ಯೆ ನನ್ನ ಮುಖ ನೋಡಿದಳು. ದಾಕ್ಷಾಯಣಿ ಮೊರ ಕೆಳಗಿಟ್ಟು, ‘ಬರ್ತೀನಿ’ ಎನ್ನದೆ ಮೆಟ್ಟಿಲಿಳಿದು ಹೋದಳು.

ಆಮೇಲೆ ಮನೆ ತಣ್ಣಗಾಯಿತು. ಕೌಸಲ್ಯೆ ಅಳಲಿಲ್ಲ. ಅಡಿಗೆ ಮಾಡಿದಳು, ಬಡಿಸಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಅವಳು ಸುಧಾರಿಸಿಕೊಂಡಳು ಎಂದು ಕುಣಿಗಲ್ಲಿಗೆ, ಸೀತಾರಾಮಯ್ಯನಿಗೆ, ಕಾರ್ಡು ಬರೆದೆ.

ಏಳು ವರ್ಷದ ಹೆಣ್ಣುಮಗುವಿಗೆ ತಿಥಿಯೆಂದೇನೂ ಇಲ್ಲ. ವರ್ಷ ತುಂಬಿದ ದಿನ ಎಂದಿನಂತೆ ಆಫೀಸಿಗೆ ಹೊರಟೆ. ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡ ಹಳೆಯ ಕೋಟಿನ ಜೇಬಿನಲ್ಲಿ ಪದ್ಮಿನಿ ಸ್ಲೇಟಿನ ಮೇಲೆ ಬರೆಯುತ್ತಿದ್ದ ಒಂದು ತುಂಡು ಬಳಪ ಕೈಗೆ ಸಿಕ್ಕಿತು. ಆಫೀಸಿಗೆ ಹೋಗಲಾಗಲಿಲ್ಲ, ಕುಣಿಗಲ್ ಬಸ್ಸು ಹತ್ತಿಬಿಟ್ಟೆ.

ಸೀತಾರಾಮಯ್ಯ ನನ್ನನ್ನು ಕಂಡು ಹಿಗ್ಗಿದ. ಹೋಟೆಲಿಗೆ ಕರೆದೊಯ್ದು ದೋಸೆ ಹೇಳಿದ. “ಇವತ್ತಿಗೆ ವರ್ಷ ಆಯ್ತು ಕಣೋ, ಪದ್ಮಿನಿ ಹೋಗಿ,” ಎಂದೆ. ಅವನು ಕಾಫಿ ಕುಡಿದು ಮುಗಿಸಿದ. ಆಮೇಲೆ, “ಕೆರೆ ಕೋಡಿ ಬಿದ್ದಿದೆ, ನೋಡ್ಕೊಂಡು ಬರೋಣ ಬಾ,” ಎಂದ. ಏರಿಯ ಮೇಲೆ ನಡೆಯುತ್ತ ನೀರು ಎಷ್ಟು ಅಡಿ ಏರಿದೆ, ಯಾವ ಬಯಲು ಮುಳುಗಿದೆ ಎಂದೆಲ್ಲ ಹೇಳಿದ. ನಾನು ಜೇಬಿನಲ್ಲಿ ಬಳಪ ಹಿಡಿದುಕೊಂಡೇ ಹೂಂ ಎಂದೆ. ಬಸ್ ಸ್ಟ್ಯಾಂಡಿನಲ್ಲಿ ನನಗೆ ಒಂದು ಚಿಪ್ಪು ಬಾಳೆಹಣ್ಣು ಕೊಡಿಸಿದ. ಬಸ್ಸು ಹೊರಡುವ ತನಕ ಕಿಟಕಿಯ ಪಕ್ಕ ನಿಂತೇ ಇದ್ದ. ಆ ಮಾತು ಹೇಗೆ ಆಡಬೇಕೆಂದು ಅವನಿಗೂ ಗೊತ್ತಿರಲಿಲ್ಲ, ಪಾಪ.

ಮನೆಗೆ ಬಂದವನು ಅಡಿಗೆಮನೆಯಲ್ಲಿ ಕೌಸಲ್ಯೆಯ ಪಕ್ಕ ಕೂತೆ. ಮದುವೆಯಾದ ಮೇಲೆ ಹಾಗೆ ಕೂತದ್ದು ಅದೇ ಮೊದಲು. ಬಳಪವನ್ನು ಅವಳ ಮುಂದಿಟ್ಟು, “ಅವಳ ವಿಷಯ ಏನಾದ್ರೂ ಹೇಳೇ,” ಎಂದೆ.

ಅವಳು ಬಳಪವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ಮರೀಬೇಕು ಅಂದ್ರಿ. ಬಾಯಿ ಕಟ್ಕೊಂಡೆ. ಈಗ ಬಾ ಅಂದ್ರೆ ಮಾತು ಬರತ್ತಾ?” ಎಂದಳು.

ಮಾರನೆಯ ದಿನ ನಾನೇ ಎಣ್ಣೆ ಅಂಗಡಿಗೆ ಹೋಗಿ ಗಂಗಣ್ಣನ ಎದುರಿಗೇ ದಾಕ್ಷಾಯಣಿಯಲ್ಲಿ ತಪ್ಪಾಯಿತೆಂದು ಕೇಳಿಕೊಂಡೆ. ದೊಡ್ಡ ಮನಸ್ಸಿನ ಹೆಂಗಸು, ಮಧ್ಯಾಹ್ನವೇ ಬಂದಳು. ನಾನು ರಜೆ ಹಾಕಿ ಜಗಲಿಯಲ್ಲಿ ಕೂತು ಕಿವಿಗೊಟ್ಟೆ. ಒಳಗೆ ಮೊರದ ಸದ್ದು ಕೇಳಿತು. ಬೀದಿಗೆ ಹೊಸದಾಗಿ ಬಂದ ನಲ್ಲಿಯ ಮಾತಾಯಿತು. ಬೇಳೆಯ ಧಾರಣೆಯ ಮಾತಾಯಿತು. ಆಮೇಲೆ ಮಳೆ. ಥೇಟ್ ಸೀತಾರಾಮಯ್ಯನೂ ನಾನೂ ಮಾತಾಡಿದ ಹಾಗೆ. ನನ್ನ ಮಗಳ ಹೆಸರು ಒಂದು ಸಲವೂ ಬರಲಿಲ್ಲ.

ಒಂದು ಗಂಟೆಯಾದ ಮೇಲೆ ದಾಕ್ಷಾಯಣಿ ಎದ್ದಳು. “ಬರ್ತೀನಿ ಕೌಸಲ್ಯಮ್ಮ,” ಎಂದು ಮರ್ಯಾದೆಯಾಗಿ ಹೇಳಿ ಹೋದಳು.